ಹಳೇ ಡೀಸೆಲ್ ಗಾಡಿ ಏರು ಎಳೀತಿಲ್ವಾ? ಇಂಜೆಕ್ಟರ್ ಬಿಚ್ಚಿಸುವ ಮೊದಲು ಇಷ್ಟು ನೋಡಿ

ನಮ್ಮ ಮನೆಯ ಗಾಡಿ 2006ರ ಡೀಸೆಲ್ ಎಸ್‌ಯುವಿ. ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿ ಒತ್ತಿ ತುಂಬುವ ಭಾಗ) ಇರುವ ಕಾಮನ್ ರೈಲ್ ಎಂಜಿನ್, ಅಂದರೆ ಡೀಸೆಲ್ಲನ್ನು ಭಾರೀ ಒತ್ತಡದಲ್ಲಿ ಒಂದೇ ಪೈಪಿನಲ್ಲಿ ಕೂಡಿಟ್ಟು ಎಲ್ಲ ಸಿಲಿಂಡರಿಗೂ ಕೊಡುವಂಥದ್ದು. ಅಪ್ಪ ಕೊಂಡಿದ್ದು, ಈಗ ನಾನು ಓಡಿಸುತ್ತೇನೆ. ಮೀಟರ್ 2,40,000 ಕಿ.ಮೀ. ದಾಟಿದೆ. ಚಿಕ್ಕಮಗಳೂರಿನ ಆಲ್ದೂರಿನ ಹತ್ತಿರ ನಮ್ಮದೊಂದು ಚಿಕ್ಕ ಕಾಫಿ ತೋಟ. ಗೊಬ್ಬರದ ಮೂಟೆ, ಕಾಫಿ ಚೀಲ, ಅಮ್ಮನ ಆಸ್ಪತ್ರೆ ಓಡಾಟ, ಎಲ್ಲಕ್ಕೂ ಇದೊಂದೇ ಗಾಡಿ.

ಹೋದ ಮಳೆಗಾಲ ಮುಗಿದ ಮೇಲೆ ಇದರ ದಮ್ಮು ಹೋಯಿತು. ತೋಟದಿಂದ ಟಾರ್ ರಸ್ತೆಗೆ ಹತ್ತುವ ಏರಿನಲ್ಲಿ ಎರಡನೇ ಗೇರಿನಲ್ಲಿ ಸಲೀಸಾಗಿ ಬರುತ್ತಿದ್ದ ಗಾಡಿ ಒಂದನೇ ಗೇರು ಕೇಳತೊಡಗಿತು. ಲೀಟರಿಗೆ 12.5 ಕೊಡುತ್ತಿದ್ದದ್ದು 9ರ ಹತ್ತಿರ ಇಳಿಯಿತು. ಒಂದು ಗ್ಯಾರೇಜಿಗೆ ಒಯ್ದೆ. ನೋಡಿದ ಕೂಡಲೇ ‘ಇಂಜೆಕ್ಟರ್ ಹೋಗಿದೆ’ ಅಂದರು. ಎಂಜಿನ್ನಿನೊಳಗೆ ಡೀಸೆಲ್ ಸಿಂಪಡಿಸುವ ಭಾಗ ಅದು. ಮೂವತ್ತು ಸಾವಿರದ ಮೇಲೆ ಖರ್ಚಾಯಿತು. ಏರು ಮಾತ್ರ ಹಾಗೇ ಇತ್ತು. ಆಮೇಲೆ ನಮ್ಮೂರಿನ ಹಳೇ ಮೆಕ್ಯಾನಿಕ್ ಅಣ್ಣನ ಜೊತೆ ಕೂತು ಒಂದೊಂದಾಗಿ ನೋಡಿದೆವು. ಸಿಕ್ಕಿದ್ದು ಎರಡು ಬೇರೆ ಬೇರೆ ತೊಂದರೆ. ಪವರ್ ತಿಂದಿದ್ದು ಒಂದು, ಡೀಸೆಲ್ ತಿಂದಿದ್ದು ಇನ್ನೊಂದು. ಎರಡಕ್ಕೂ ಒಂದೇ ಕಾರಣ ಹುಡುಕಲು ಹೋಗಿ ನಾನು ದುಡ್ಡು ಕಳೆದುಕೊಂಡೆ. ನಿಮಗೆ ಹಾಗಾಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಮೈಲೇಜ್ ಸರಿಯಾಗಿ ಅಳೆಯಿರಿ. ‘ಸಾವಿರ ರೂಪಾಯಿಗೆ ಹಾಕಿಸಿದ್ದು ಬೇಗ ಖಾಲಿ ಆಯ್ತು’ ಅನ್ನೋದು ಅಳತೆ ಅಲ್ಲ. ಟ್ಯಾಂಕ್ ಫುಲ್ ಮಾಡಿಸಿ, ಪಂಪು ಮೊದಲ ಸಲ ತಾನಾಗಿ ನಿಂತಲ್ಲಿಗೆ ಸಾಕು ಅನ್ನಿ. 300 ಕಿ.ಮೀ.ಗಿಂತ ಜಾಸ್ತಿ ಓಡಿಸಿ, ಅದೇ ಬಂಕಿನಲ್ಲಿ ಅದೇ ರೀತಿ ಮತ್ತೆ ಫುಲ್ ಮಾಡಿಸಿ. ನನ್ನದು 352 ಕಿ.ಮೀ.ಗೆ 38.2 ಲೀಟರ್ ಹಿಡಿಯಿತು. ಅಂದರೆ 9.2. ಈ ಲೆಕ್ಕವನ್ನು ಒಂದು ಪುಸ್ತಕದಲ್ಲಿ ಬರೆದಿಡಿ.

ಟೈರ್ ಅಳತೆ ಬದಲಾಗಿದ್ದರೆ ಮೀಟರೇ ತಪ್ಪು ತೋರಿಸುತ್ತದೆ. 215/75 ಆರ್ 15 ಇದ್ದ ಕಡೆ 235/75 ಆರ್ 15 ಹಾಕಿಸಿದರೆ ಚಕ್ರದ ಸುತ್ತಳತೆ ಸುಮಾರು 4% ಹೆಚ್ಚಾಗುತ್ತದೆ. ಮೀಟರ್ 100 ತೋರಿಸುವಾಗ ಗಾಡಿ 104 ಓಡಿರುತ್ತದೆ. ಅನುಮಾನ ಇದ್ದರೆ ಕಡೂರು ರಸ್ತೆಯಲ್ಲಿ ಹೋಗುವಾಗ ಕಿಲೋಮೀಟರ್ ಕಲ್ಲುಗಳನ್ನು ನೋಡಿಕೊಂಡು ಹತ್ತಿಪ್ಪತ್ತು ಕಿ.ಮೀ. ತಾಳೆ ಹಾಕಿ.

ಆಮೇಲೆ ಚಕ್ರಗಳು. ಗಾಳಿ ಸರಿಯಾಗಿ ಹಾಕಿಸಿ. ಬ್ರೇಕ್ ಹೆಚ್ಚು ಒತ್ತದೆ ಹತ್ತು ಕಿ.ಮೀ. ಓಡಿಸಿ, ಸಮತಟ್ಟು ಜಾಗದಲ್ಲಿ ನಿಧಾನಕ್ಕೆ ನಿಲ್ಲಿಸಿ. ನಾಲ್ಕೂ ಚಕ್ರದ ಹತ್ತಿರ ಕೈಯ ಹಿಂಬದಿ ಹಿಡಿದು ನೋಡಿ, ಮುಟ್ಟಬೇಡಿ. ನಮ್ಮ ಗಾಡಿಯಲ್ಲಿ ಮೂರು ಚಕ್ರ ಬೆಚ್ಚಗಿದ್ದವು. ಮುಂದಿನ ಬಲಗಡೆಯದು ಮಾತ್ರ ಒಲೆ ಹತ್ತಿರ ಕೈ ಇಟ್ಟ ಹಾಗಿತ್ತು. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಜಾಕ್ ಹಾಕಿ ಎತ್ತಿ ತಿರುಗಿಸಿದರೆ ಅರ್ಧ ಸುತ್ತಿಗೇ ನಿಂತಿತು. ಮಳೆಗಾಲದ ಕೆಸರಿನಲ್ಲಿ ಕ್ಯಾಲಿಪರಿನ (ಚಕ್ರದ ಡಿಸ್ಕನ್ನು ಹಿಡಿದು ಬ್ರೇಕ್ ಒತ್ತುವ ಭಾಗ) ಪಿನ್ ತುಕ್ಕು ಹಿಡಿದು ಬಿಗಿದುಕೊಂಡಿತ್ತು. ಕಾಲು ತೆಗೆದರೂ ಬ್ರೇಕ್ ಪೂರ್ತಿ ಬಿಡುತ್ತಿರಲಿಲ್ಲ. ಪಿನ್ ಉಜ್ಜಿ, ಬ್ರೇಕಿಗೇ ಅಂತ ಬರುವ ಗ್ರೀಸ್ ಹಚ್ಚಿ, ಹೊಸ ರಬ್ಬರ್ ಬೂಟ್ ಹಾಕಿದೆವು. ಇಂಜೆಕ್ಟರಿಗೆ ಕೊಟ್ಟ ದುಡ್ಡಿನ ಮುಂದೆ ಇದು ಏನೂ ಅಲ್ಲ. ಹಿಂದಿನ ಚಕ್ರ ಬಿಸಿ ಇದ್ದರೆ ಹ್ಯಾಂಡ್ ಬ್ರೇಕ್ ಕೇಬಲ್ ಮೇಲೆ ಅನುಮಾನ ಪಡಿ.

ಈಗ ಪವರ್ ವಿಷಯ. ಇಲ್ಲಿ ಹೊಗೆಯೇ ಮಾತಾಡುತ್ತದೆ. ಬೆಳಕಿರುವಾಗ, ಒಂದಿಷ್ಟು ಭಾರ ಹಾಕಿಕೊಂಡು ಒಂದು ಏರು ಹತ್ತಿ. ಹಿಂದೆ ಬೈಕಿನಲ್ಲಿ ಯಾರಾದರೂ ಬಂದು ಹೊಗೆ ನೋಡಲಿ. ನಾನು ಗಿರಿಗೆ ಹೋಗುವ ದಾರಿಯ ಕೈಮರದಿಂದ ಮೇಲಕ್ಕೆ ಹತ್ತಿದೆ, ತಮ್ಮ ಹಿಂದೆ ಬಂದ. ಕಪ್ಪು ಹೊಗೆ ಬಂದರೆ ಡೀಸೆಲ್ ಹೋಗುತ್ತಿದೆ, ಗಾಳಿ ಸಾಲುತ್ತಿಲ್ಲ ಅಂತ ಅರ್ಥ. ಹೊಗೆಯೇ ಇಲ್ಲದೆ ಎಂಜಿನ್ ಸೊರಗಿದರೆ ಡೀಸೆಲ್ಲೇ ಸಾಲುತ್ತಿಲ್ಲದಿರಬಹುದು. ನೀಲಿ ಹೊಗೆ ಅಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಎಂಜಿನ್ ಜೋರಾಗಿ ಕೂಗುತ್ತಾ ವೇಗ ಮಾತ್ರ ಏರದಿದ್ದರೆ ಅದು ಕ್ಲಚ್ ಜಾರುವುದು, ಎಂಜಿನ್ ಬಿಚ್ಚಲು ಬಿಡಬೇಡಿ.

ಎಮಿಷನ್ ಟೆಸ್ಟಿನಲ್ಲಿ ಪಾಸ್ ಆಗಿದೆ ಅಂತ ಸುಮ್ನಿರಬೇಡಿ. ಅಲ್ಲಿ ನಿಂತಲ್ಲೇ ನ್ಯೂಟ್ರಲ್‌ನಲ್ಲಿ ರೇಸ್ ಮಾಡಿ ನೋಡುತ್ತಾರೆ. ಏರಿನ ಭಾರ ಅಲ್ಲಿ ಇರುವುದಿಲ್ಲ ಅಲ್ವಾ? ನಮ್ಮ ಕಡೆ ಇನ್ನೊಂದು ವಿಷಯ ನೆನಪಿಡಬೇಕು. ಮುಳ್ಳಯ್ಯನಗಿರಿ 1,930 ಮೀಟರ್ ಎತ್ತರ. ಅಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟಕ್ಕಿಂತ ಸುಮಾರು ಐದನೇ ಒಂದು ಭಾಗ ಕಮ್ಮಿ. ಟರ್ಬೊ ಇಲ್ಲದ ಹಳೇ ಜೀಪು ಮೇಲೆ ಹೋದ ಹಾಗೆ ಸ್ವಲ್ಪ ಸೊರಗುವುದು ಸಹಜ, ಅದು ರೋಗ ಅಲ್ಲ. ಟರ್ಬೊ ಇರುವ ಗಾಡಿ ಆ ಕೊರತೆಯನ್ನು ಬಹುಮಟ್ಟಿಗೆ ತುಂಬಿಕೊಳ್ಳಬೇಕು. ತುಂಬಿಕೊಳ್ಳದಿದ್ದರೆ ಟರ್ಬೊ ಕಡೆ ನೋಡಿ.

ನಮ್ಮದಕ್ಕೆ ಕಪ್ಪು ಹೊಗೆ ಬಂತು. ಮೊದಲು ಏರ್ ಫಿಲ್ಟರ್ ತೆಗೆದೆವು. ಕಾಫಿ ಕೊಯ್ಲಿನ ದಿನಗಳಲ್ಲಿ ತೋಟದ ರಸ್ತೆಯ ಕೆಂಪು ಧೂಳು ಇದನ್ನು ಬೇಗ ಕಟ್ಟಿಬಿಡುತ್ತದೆ. ಬೆಳಕಿಗೆ ಹಿಡಿದಾಗ ಮಡಿಕೆಗಳ ನಡುವೆ ಬೆಳಕು ಕಾಣಬೇಕು. ನಮ್ಮದು ಚೆನ್ನಾಗಿಯೇ ಇತ್ತು.

ಮುಂದೆ ಟರ್ಬೊದಿಂದ ಇಂಟರ್‌ಕೂಲರಿಗೆ (ಟರ್ಬೊ ಒತ್ತಿದ ಬಿಸಿ ಗಾಳಿಯನ್ನು ತಣಿಸುವ ಭಾಗ), ಅಲ್ಲಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಹೋಸುಗಳು. ಎಂಜಿನ್ ಆರಿ ತಣ್ಣಗಾದ ಮೇಲೆ ಕೈ ಹಾಕಿ. ಮೇಲಿಂದ ನೋಡಿದರೆ ನಮ್ಮ ಹೋಸಿಗೆ ಏನೂ ಆಗಿರಲಿಲ್ಲ. ಅಡಿಯಲ್ಲಿ ಬೆರಳಾಡಿಸಿದಾಗ ಕ್ಲಾಂಪಿನ ಪಕ್ಕ ಎಣ್ಣೆಜಿಡ್ಡು ಅಂಟಿತು, ಅದರ ಮೇಲೆ ಧೂಳು ಮೆತ್ತಿಕೊಂಡಿತ್ತು. ಆ ಜಿಡ್ಡೇ ಗುರುತು. ಹೋಸ್ ಬಿಚ್ಚಿ ಕೈಯಲ್ಲಿ ಮಡಚಿದಾಗ ಮಾತ್ರ ಒಂದು ಬೆರಳುದ್ದದ ಸೀಳು ಬಾಯಿ ಬಿಟ್ಟಿತು. ಬಿಟ್ಟರೆ ಮತ್ತೆ ಮುಚ್ಚಿಕೊಂಡಿತು. ನಿಂತ ಗಾಡಿಯಲ್ಲಿ ಅದು ಮುಚ್ಚಿರುತ್ತದೆ, ಏರಿನಲ್ಲಿ ಟರ್ಬೊ ಒತ್ತಡ ಬಂದಾಗ ತೆರೆದು ಗಾಳಿ ಹೊರಗೆ ಹೋಗುತ್ತದೆ. ಅದಕ್ಕೇ ಗ್ಯಾರೇಜಿನಲ್ಲಿ ಸಿಕ್ಕಿರಲಿಲ್ಲ. ಏರಿನಲ್ಲಿ ‘ಸುಯ್’ ಅಂತ ಒಂದು ಸದ್ದು ನನಗೆ ಮೊದಲಿಂದಲೂ ಕೇಳುತ್ತಿತ್ತು, ಹೇಳಿರಲಿಲ್ಲ. ನಿಮಗೆ ಹೊಸ ಸದ್ದು ಏನೇ ಕೇಳಿದರೂ ಮೆಕ್ಯಾನಿಕ್‌ಗೆ ಹೇಳಿ.

ಹೋಸ್ ಸರಿ ಇದ್ದರೆ ಟರ್ಬೊ ಹತ್ತಿರದ ಪೆನ್ಸಿಲ್ ದಪ್ಪದ ವ್ಯಾಕ್ಯೂಮ್ ಪೈಪುಗಳು (ಟರ್ಬೊವನ್ನು ನಿಯಂತ್ರಿಸುವಂಥವು) ಒಡೆದಿವೆಯಾ ನೋಡಿ. ಆಮೇಲೆ ಇಜಿಆರ್ ವಾಲ್ವ್, ಅಂದರೆ ಸುಟ್ಟ ಹೊಗೆಯಲ್ಲಿ ಸ್ವಲ್ಪವನ್ನು ಬೇಕಾದಾಗ ಮಾತ್ರ ಎಂಜಿನ್ನಿಗೆ ವಾಪಸ್ ಬಿಡುವ ಬಾಗಿಲು. ಮಸಿ ಕಟ್ಟಿ ತೆರೆದೇ ಉಳಿದರೆ ಸುಟ್ಟ ಹೊಗೆಯೇ ವಾಪಸ್ ಎಂಜಿನ್ನಿಗೆ ಹೋಗುತ್ತದೆ, ಶುಚಿ ಮಾಡಿಸಿದರೆ ಎಷ್ಟೋ ಸಲ ಸಾಕು.

ಹೊಗೆ ಇಲ್ಲದೆ ಸೊರಗುವ ಗಾಡಿಗೆ ಡೀಸೆಲ್ ಫಿಲ್ಟರಿನಿಂದ ಶುರು ಮಾಡಿ. ತೋಟದಲ್ಲಿ ಡ್ರಮ್ಮಿನಲ್ಲಿಟ್ಟ ಡೀಸೆಲ್ ಹಾಕುವವರು ಇದನ್ನು ಮರೆಯಲೇಬಾರದು. ಮಳೆಗಾಲದಲ್ಲಿ ಡ್ರಮ್ಮಿನ ಒಳಗೆ ನೀರು ಬೆವರುತ್ತದೆ. ಫಿಲ್ಟರಿನ ಅಡಿಯ ತಿರುಪು ಸಡಿಲಿಸಿ ಗಾಜಿನ ಬಾಟಲಿಗೆ ಸ್ವಲ್ಪ ಇಳಿಸಿ, ಹತ್ತು ನಿಮಿಷ ಬಿಡಿ. ನೀರು ಇದ್ದರೆ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ. ಆದರೆ ಎಂಜಿನ್ ಓಡುವಾಗ ಡೀಸೆಲ್ ಸೋರಿಕೆಯನ್ನು ಕೈಯಿಂದ ಹುಡುಕಬೇಡಿ. ಕಾಮನ್ ರೈಲ್‌ನಲ್ಲಿ 1,000 ಬಾರ್‌ಗೂ ಜಾಸ್ತಿ ಒತ್ತಡ ಇರುತ್ತದೆ, ಕೂದಲೆಳೆಯಷ್ಟು ಚಿಮ್ಮಿದರೂ ಚರ್ಮ ತೂರಿ ಒಳಗೆ ಹೋಗುತ್ತದೆ.

ಎಂಜಿನ್ ಬಿಸಿಯ ಮುಳ್ಳು ಹತ್ತು ಹದಿನೈದು ಕಿ.ಮೀ. ಓಡಿದರೂ ಕೆಳಗೇ ಇದ್ದರೆ ಥರ್ಮೋಸ್ಟಾಟ್ (ರೇಡಿಯೇಟರಿಗೆ ನೀರು ಬಿಡುವ ವಾಲ್ವ್) ತೆರೆದೇ ಉಳಿದಿರಬಹುದು. ತಣ್ಣಗಿರುವ ಎಂಜಿನ್ ಡೀಸೆಲ್ ಜಾಸ್ತಿ ಕುಡಿಯುತ್ತದೆ. ಖಾಲಿ ಕ್ಯಾರಿಯರ್ ಮೇಲೆ ಇದ್ದರೆ ಇಳಿಸಿಡಿ.

ಇಷ್ಟೆಲ್ಲ ನೋಡಿದ ಮೇಲೂ ಇಂಜೆಕ್ಟರ್ ಮೇಲೆ ಅನುಮಾನ ಉಳಿದರೆ ಬದಲಿಸುವ ಮೊದಲು ರಿಟರ್ನ್ ಟೆಸ್ಟ್ ಮಾಡಿಸಿ. ನಾಲ್ಕು ಇಂಜೆಕ್ಟರಿನ ವಾಪಸ್ ಪೈಪಿಗೆ ನಾಲ್ಕು ಬಾಟಲಿ ಕಟ್ಟಿ ಕೆಲವು ನಿಮಿಷ ಎಂಜಿನ್ ಓಡಿಸುತ್ತಾರೆ. ಯಾವ ಬಾಟಲಿ ಉಳಿದವುಗಳಿಗಿಂತ ತುಂಬಾ ಬೇಗ ತುಂಬುತ್ತದೋ ಆ ಇಂಜೆಕ್ಟರ್ ಸವೆದಿದೆ. ‘ಅಣ್ಣ, ಬಾಟಲಿ ಕಟ್ಟಿ ನನ್ನ ಎದುರಿಗೇ ತೋರಿಸಿ’ ಅಂತ ಕೇಳಿ. ನನಗೆ ಆಗ ಇದು ಗೊತ್ತಿರಲಿಲ್ಲ. ಗಾಡಿಗೆ ಸಿಕ್ಕಿಸಿ ದೋಷ ಓದುವ ಅಗ್ಗದ ಸ್ಕ್ಯಾನರ್ ನಂಬಿ ಕೂರಬೇಡಿ, 2010ಕ್ಕಿಂತ ಹಳೆಯ ಗಾಡಿಗಳಲ್ಲಿ ಅದು ಎಷ್ಟೋ ಸಲ ಕನೆಕ್ಟೇ ಆಗುವುದಿಲ್ಲ.

ಹೊಸ ಹೋಸ್ ಹಾಕಿ, ಬ್ರೇಕ್ ಬಿಡಿಸಿದ ಮೇಲೆ ಮತ್ತೆ ಟ್ಯಾಂಕ್ ಫುಲ್ ಮಾಡಿಸಿ ಅಳೆದೆ. 455 ಕಿ.ಮೀ.ಗೆ 36.1 ಲೀಟರ್, ಅಂದರೆ 12.6. ಹತ್ತು ಮೂಟೆ ಗೊಬ್ಬರ ಹೇರಿಕೊಂಡು ತೋಟದ ಏರನ್ನು ಎರಡನೇ ಗೇರಿನಲ್ಲೇ ಹತ್ತಿಸಿದೆ.