ಎತ್ತೋದ್ಕಿಂತ ಕೂರೋದೇ ಜಾಸ್ತಿ: ಕೋಲಾರದ ತಾರಸಿ ಮೇಲೆ ನನ್ನ ಕಸರತ್ತು

"ಇವನು ಎತ್ತೋದ್ಕಿಂತ ಕೂತ್ಕೊಂಡಿರೋದೇ ಜಾಸ್ತಿ ಕಣಮ್ಮ" ಅಂತ ನಮ್ಮಮ್ಮ ಪಕ್ಕದ ಮನೆ ಆಂಟಿಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು. ಸುಳ್ಳೇನಲ್ಲ. ಮೂರು ಸಲ ಮರಳಿನ ಮೂಟೆ ಎತ್ತಿ, ಮೂರು ನಿಮಿಷ ನೀರಿನ ಟ್ಯಾಂಕಿನ ನೆರಳಲ್ಲಿ ಸುಮ್ಮನೆ ಕೂರುತ್ತಿದ್ದೆ. ನಾನು ಕರಾಟೆ ಕಲಿಯುವ ಡೋಜೋದಲ್ಲೂ ಇದೇ ನಗೆ. "ಬೆವರೇ ಬರಲ್ಲ, ಅದೆಂಥ ಪ್ರಾಕ್ಟೀಸಯ್ಯ?" ಅಂದರು ಸೆನ್ಸೈ, ನಮ್ಮ ಕರಾಟೆ ಗುರುಗಳು. ಭಾರ ಎತ್ತಿದರೆ ಕೈ ಸ್ಲೋ ಆಗುತ್ತೆ ಅನ್ನೋದು ಅವರ ಗುರುಗಳ ಕಾಲದಿಂದ ಬಂದ ಮಾತು. ಈಗ ಅದೇ ಡೋಜೋದ ನಾಲ್ಕು ಹುಡುಗರು ಸೋಮವಾರ, ಗುರುವಾರ ನಮ್ಮ ತಾರಸಿಗೆ ಬರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಕೋಲಾರದ ಟೊಮೆಟೊ ಮಂಡಿಯೊಂದರಲ್ಲಿ ಲೆಕ್ಕ ಬರೆಯುವ ರೈಟರ್. ಕುಮಿತೆಯಲ್ಲಿ, ಅಂದರೆ ಎದುರಾಳಿ ಜೊತೆಗಿನ ಕರಾಟೆ ಪಂದ್ಯದಲ್ಲಿ, 67 ಕೆಜಿ ಒಳಗಿನವನು. ಹದಿಮೂರು ವರ್ಷ ಕರಾಟೆ ಮಾಡಿದರೂ ನನ್ನ ಗ್ಯಾಕು-ಜುಕಿ (ಸೊಂಟ ತಿರುಗಿಸಿ ಹಿಂದಿನ ಕೈಯಿಂದ ಹೊಡೆಯುವ ಗುದ್ದು) ಎದುರಾಳಿಗೆ ಮೊದಲೇ ತಂತಿ ಕೊಟ್ಟು ಹೋಗುವ ಹಾಗಿತ್ತು. ಟೆಕ್ನಿಕ್ ಸರಿ ಇದೆ ಅಂತ ಎಲ್ಲರೂ ಅನ್ನೋರು. ಪಾಯಿಂಟ್ ಮಾತ್ರ ಬೀಳುತ್ತಿರಲಿಲ್ಲ.

ಮೊದಲು ಮಾಡಿದ ತಪ್ಪುಗಳಿಗೇ ಎರಡು ವರ್ಷ ಹೋಯಿತು. ಬೆಳಿಗ್ಗೆ ಅಂತರಗಂಗೆ ಬೆಟ್ಟದ ಮೆಟ್ಟಿಲು ಓಡಿ ಹತ್ತೋದು, ಅಲ್ಲಿನ ಕಲ್ಲು ಬಸವನ ಬಾಯಿಂದ ಬೀಳೋ ನೀರಲ್ಲಿ ಮುಖ ತೊಳೆದು ಇಳಿಯೋದು. ಒಂದು ವರ್ಷ ಬಿಡದೆ ಹತ್ತಿದೆ. ಉಸಿರು ಬಂತು, ಗುದ್ದಿಗೆ ಬೇಕಾದ ಜಿಗಿತ ಬರಲಿಲ್ಲ. ಬಾಳೆಹಣ್ಣು ಕೋತಿಗಳ ಪಾಲಾಯಿತು. ಆಮೇಲೆ ಗರಡಿಯಲ್ಲಿ ಪಳಗಿದ ಹಿರಿಯರೊಬ್ಬರ ಮಾತು ಕೇಳಿ ದಿನಕ್ಕೆ ಐನೂರು ಬಸ್ಕಿ. ಗರಡಿಯವರಿಗೆ ಅದು ಸರಿಯೇ, ಅವರ ಪಟ್ಟು ಉದ್ದದ್ದು, ದಮ್ಮು ಬೇಕು. ನನ್ನ ಕೆಲಸ ಅರ್ಧ ಸೆಕೆಂಡಿನದು. ಮೂರು ತಿಂಗಳಿಗೆ ಮಂಡಿಚಿಪ್ಪು ಕಟಕಟ ಅನ್ನತೊಡಗಿತು. ಕೈಯಲ್ಲಿ ಎರಡೆರಡು ಕೆಜಿ ಡಂಬೆಲ್ ಹಿಡಿದು ಗಾಳಿಗೆ ಗುದ್ದಿದ್ದಂತೂ ದೊಡ್ಡ ದಡ್ಡತನ. ಡಂಬೆಲ್ಲಿನ ಭಾರ ನೆಲದ ಕಡೆಗೆ ಎಳೆಯುತ್ತೆ, ಗುದ್ದು ಹೋಗೋದು ಮುಂದಕ್ಕೆ. ಭುಜಕ್ಕೆ ಸುಸ್ತು, ಮೊಣಕೈಗೆ ನೋವು, ಅಷ್ಟೇ ಲಾಭ. ನಡುವೆ ಎಂಟು ತಿಂಗಳು ಜಿಮ್ಮಿಗೆ ದುಡ್ಡು ಕಟ್ಟಿದೆ, ಹತ್ತಿರ ಹತ್ತಿರ ಎಂಟು ಸಾವಿರ. ಅಲ್ಲಿನ ಟ್ರೇನರ್ ಎದೆ, ತೋಳು ಮಾಡಿಸಿದ. ತೂಕ 70 ದಾಟಿತು. ಆ ಸಲ ತೂಕ ಇಳಿಸಲು ನೀರು ಬಿಟ್ಟು ಒದ್ದಾಡಿದ್ದು ನೆನೆಸಿಕೊಂಡರೆ ಈಗಲೂ ನಾಲಿಗೆ ಒಣಗುತ್ತೆ.

ಕೊನೆಗೆ ಹಿಡಿದ ದಾರಿ ಇಷ್ಟೇ. ಮೈ ತಾಜಾ ಇರುವಾಗ ಮೊದಲು ಹಾರು, ಆಮೇಲೆ ಭಾರ ಎತ್ತು, ಐದಕ್ಕಿಂತ ಹೆಚ್ಚು ಸಲ ಬೇಡ, ಪ್ರತಿ ಸೆಟ್ಟಿನ ನಂತರ ಪೂರ್ತಿ ಸುಧಾರಿಸಿಕೋ. ನಿಂತಲ್ಲಿಂದ ಮುಂದಕ್ಕೆ ಜಿಗಿತ, ಮೂರರಂತೆ ನಾಲ್ಕು ಸೆಟ್. ಎಲ್ಲಿಗೆ ಬಿದ್ದೆನೋ ಅಲ್ಲಿ ಸೀಮೆಸುಣ್ಣದ ಗೆರೆ. ಗೆರೆಗಿಂತ ನಾಲ್ಕು ಬೆರಳು ಹಿಂದೆ ಬಿದ್ದರೆ ಆವತ್ತಿನ ಜಿಗಿತ ಮುಗೀತು, ಹಟ ಮಾಡಬಾರದು. ಆಮೇಲೆ ಮೂಟೆ ನೆಲದಿಂದ ಹೆಗಲಿಗೆ, ಮೂರರಂತೆ ಐದು ಸೆಟ್. ಹಿಂದಿನ ಕಾಲನ್ನು ಮೆಟ್ಟಿಲ ಮೇಲಿಟ್ಟು ಒಂಟಿಕಾಲ ಬಸ್ಕಿ, ಹೆಗಲ ಮೇಲೆ ಮೂಟೆ. ಮನೆಯಲ್ಲಿ ದೊಡ್ಡ ಭಾರ ಇಲ್ಲದವನಿಗೆ ಒಂಟಿಕಾಲೇ ಗತಿ, 28 ಕೆಜಿಯೂ ಸಾಕಷ್ಟು ಕಾಡುತ್ತೆ. ಕೊನೆಗೆ ಗುಜರಿಯಲ್ಲಿ ಪುಕ್ಕಟೆ ಸಿಕ್ಕ ಕಾರಿನ ಸೀಟ್ ಬೆಲ್ಟನ್ನು ಎರಡೂ ಪಾದದ ಕೆಳಗೆ ತುಳಿದು, ಮಂಡಿ ಸ್ವಲ್ಪ ಬಗ್ಗಿಸಿ, ಆರು ಸೆಕೆಂಡ್ ಇದ್ದಬದ್ದ ಶಕ್ತಿಯಲ್ಲಿ ಮೇಲಕ್ಕೆ ಎಳೆಯೋದು. ಬೆಲ್ಟ್ ಅಲ್ಲಾಡಲ್ಲ, ನೀವು ಅಲ್ಲಾಡ್ತೀರಿ. ಎಳೆದ ಮೇಲೆ ನಾನು ಒಂದು ಸಣ್ಣ ಕೆಲಸ ಮಾಡುತ್ತೇನೆ, ಗುದ್ದಿಗೆ ಜೀವ ಬಂದದ್ದು ಅದರಿಂದಲೇ. ಅದನ್ನು ತಾರಸಿಗೆ ಬಂದವರಿಗೆ ಮಾತ್ರ ತೋರಿಸೋದು.

ಮೂಟೆಯ ಕಥೆ ಬೇರೆ. ಮೊದಲು ಗೋಣಿಚೀಲಕ್ಕೆ ಎಂ-ಸ್ಯಾಂಡ್ ತುಂಬಿ ಹೊಲಿದೆ. ಎರಡನೇ ವಾರ ಹೆಗಲ ಮೇಲೇ ಬಿರಿದು ತಲೆಯಿಂದ ಚಡ್ಡಿವರೆಗೆ ಮರಳು. ಆಮೇಲೆ ಪಂಕ್ಚರ್ ಅಂಗಡಿಯಲ್ಲಿ ಟ್ರ್ಯಾಕ್ಟರಿನ ಹಳೇ ಟ್ಯೂಬ್ ನೂರೈವತ್ತಕ್ಕೆ ತಂದು, ಕತ್ತರಿಸಿ, ಮರಳು ತುಂಬಿ, ಎರಡೂ ತುದಿ ಮಡಚಿ ತಂತಿ ಬಿಗಿದೆ. ತಂತಿ ಮೈ ಗೀರದ ಹಾಗೆ ಮೇಲೆ ಇನ್ನೊಂದು ಪದರ ಟ್ಯೂಬ್. ಒಂದು 28 ಕೆಜಿ, ಇನ್ನೊಂದು 40, ಆಮೇಲೆ ಮಾಡಿದ್ದು 52. ತೂಗಿದ್ದು ಮಂಡಿಯ ತಕ್ಕಡಿಯಲ್ಲೇ. ಅದಕ್ಕೂ ಮೊದಲು ಟೊಮೆಟೊ ಬಾಕ್ಸ್ ಎತ್ತಿಯೇ ಅಭ್ಯಾಸ ಮಾಡೋಣ ಅಂತಿದ್ದೆ. ಒಂದು ಬಾಕ್ಸಿಗೆ 15 ಕೆಜಿ, ಲೆಕ್ಕ ಸುಲಭ. ಆದರೆ ಅದು 2023ರ ಜುಲೈ, ಬಾಕ್ಸು ಎರಡು ಸಾವಿರ ದಾಟಿದ್ದ ಕಾಲ. "ಅಣ್ಣ, ಅದ್ರ ತಾವ ಆಟ ಆಡ್ಬೇಡಿ, ಸಾವ್ಕಾರ್ರು ನೋಡಿದ್ರೆ ನನ್ನೂ ಬೈತಾರೆ" ಅಂತ ಹಮಾಲಿ ಹುಡುಗ ಕೈಯಿಂದ ಕಿತ್ತುಕೊಂಡ.

ಎತ್ತರದಿಂದ ಇಳಿದು ತಕ್ಷಣ ಮೇಲಕ್ಕೆ ಹಾರುವ ಡೆಪ್ತ್ ಜಂಪಿನಲ್ಲೂ ಪೆಟ್ಟು ತಿಂದಿದ್ದೇನೆ. ಸೋವಿಯತ್ ಕೋಚ್ ವೆರ್ಖೊಶಾನ್ಸ್ಕಿ ಹೇಳಿದ ಮುಕ್ಕಾಲು ಮೀಟರನ್ನು ನೆನಪಿಟ್ಟುಕೊಂಡು ಅಷ್ಟೇ ಎತ್ತರದ ಗೋಡೆಯಿಂದ ಸಿಮೆಂಟ್ ನೆಲಕ್ಕೆ ಇಳಿದೆ. ಅವರ ಹುಡುಗರು ವರ್ಷಗಟ್ಟಲೆ ಭಾರ ಎತ್ತಿದವರು ಅನ್ನೋದು ಮರೆತಿತ್ತು. ಮೊಣಕಾಲಿನ ಕೆಳಗಿನ ಮೂಳೆ ಆರು ವಾರ ನೋಯಿತು. ಕೆಳಗಿನ ಮನೆ ಓನರ್ ಬೇರೆ ಬಂದು, "ಮೇಲೆ ಏನಪ್ಪಾ, ರಾಗಿ ಕುಟ್ತಿದೀರಾ?" ಅಂದರು. ಈಗ ಒಂದೂವರೆ ಅಡಿ ಎತ್ತರ, ಕೆಳಗೆ ಕೌ ಮ್ಯಾಟ್. ಹೌದು, ಹಸುವಿನ ಕೊಟ್ಟಿಗೆಗೆ ಹಾಸುವ ರಬ್ಬರ್ ಮ್ಯಾಟೇ. ಹಾಲಿನ ಜಿಲ್ಲೆಯಲ್ಲಿದ್ದು ಜಿಮ್ ಮ್ಯಾಟಿಗೆ ದುಡ್ಡು ಸುರಿಯುವವನು ಮೂರ್ಖ. ಡೈರಿ ಬಿಟ್ಟ ನಮ್ಮ ಮಾವ ಒಂಬೈನೂರಕ್ಕೆ ಕೊಟ್ಟರು. ನಾಲ್ಕು ಸಲ ಸೋಪು ಹಾಕಿ ಉಜ್ಜಿದರೂ ಮಳೆ ಬಂದರೆ ಸಗಣಿ ವಾಸನೆ ಏಳುತ್ತೆ. ಹಾಸಿಗೆ ಹಾಸಿಯೂ ನೋಡಿದ್ದೆ, ಪಾದ ಹೂತು ಪುಟಿಯುವುದೇ ಇಲ್ಲ.

ಗುದ್ದಿನ ಅಭ್ಯಾಸಕ್ಕೆ ಎಸೆಯೋ ಭಾರದ ಚೆಂಡು ಬೇಕಿತ್ತು. ಹಳೇ ಬಾಸ್ಕೆಟ್‌ಬಾಲಿಗೆ ಮರಳು ತುಂಬಿ ಎಂಸೀಲ್ ಹಚ್ಚಿದೆ, ಮೂರನೇ ಏಟಿಗೆ ಗೋಡೆಗೆ ಮರಳಿನ ಹೂವು. ರೆಕ್ಸಿನ್ ಚೀಲಕ್ಕೆ ಮೂರು ಕೆಜಿ ರಾಗಿ ತುಂಬಿದ್ದು ಚೆನ್ನಾಗಿತ್ತು, ಕೈಗೆ ಕೂರುತ್ತಿತ್ತು. ಅಮ್ಮನಿಗೆ ಗೊತ್ತಾದ ದಿನ ಮನೆಯಲ್ಲಿ ನನಗೆ ಮುದ್ದೆ ಇಲ್ಲ. "ಅನ್ನ ಎಸೀತೀಯೇನೋ?" ಅಂದಳು. ರಾಗಿ ತೆಗೆದು ಮರಳು ತುಂಬಿ, ಆಟೋ ಸೀಟ್ ಹೊಲಿಯುವವನ ಹತ್ತಿರ ಡಬಲ್ ಹೊಲಿಗೆ ಹಾಕಿಸಿದೆ, ಇನ್ನೂರೈವತ್ತು. ಪಕ್ಕದ ಖಾಲಿ ಸೈಟಿನ ಕಾಂಪೌಂಡಿಗೆ ಗ್ಯಾಕು-ಜುಕಿಯ ಹಾಗೇ ಸೊಂಟ ತಿರುಗಿಸಿ ಎಸೆಯುತ್ತೇನೆ, ಒಂದು ಕಡೆಗೆ ನಾಲ್ಕು ಸಲ.

ಇನ್ನು ಚಿ-ಇಶಿ. ಓಕಿನಾವಾದವರ ಈ ಕಲ್ಲಿನ ಸುತ್ತಿಗೆ ನಮ್ಮ ಗದೆಯ ತಮ್ಮ ಇದ್ದ ಹಾಗೆ. ಪೇಂಟ್ ಡಬ್ಬಕ್ಕೆ ಕಾಂಕ್ರೀಟ್ ಹಾಕಿ ನೀಲಗಿರಿ ಕೋಲು ನೆಟ್ಟೆ. ಕೋಲು ಹಸಿ. ಒಣಗಿ ಸಣ್ಣಗಾದ ಮೇಲೆ ಒಂದು ದಿನ ಬೀಸುವಾಗ ತಲೆ ಮಾತ್ರ ಹಾರಿ ಅಮ್ಮನ ತುಳಸಿ ಕುಂಡಕ್ಕೆ. ಎರಡನೆಯದಕ್ಕೆ ಒಣ ಕೋಲು, ತುದಿಗೆ ಅಡ್ಡಡ್ಡ ನಾಲ್ಕು ಮೊಳೆ ಹೊಡೆದು ಕಾಂಕ್ರೀಟಿನೊಳಗೆ ಹೂತೆ. ಎರಡು ಲೀಟರಿನಷ್ಟು ಕಾಂಕ್ರೀಟ್ ಸಾಕು, ಐದು ಕೆಜಿ ಹತ್ತಿರ ಬರುತ್ತೆ. ನಾಲ್ಕು ಲೀಟರ್ ಡಬ್ಬ ತುಂಬಿದರೆ ಹತ್ತು ಕೆಜಿ ಹತ್ತಿರ, ಮಣಿಕಟ್ಟು ಕೇಳಲ್ಲ. ಕೈ ಹಿಡಿತ ಗಟ್ಟಿಯಾಗಲು ಓಕಿನಾವಾದವರು ಮಡಕೆಯ ಬಾಯಿ ಹಿಡಿದು ನಡೆಯುತ್ತಾರೆ. ಅದರ ಬದಲು ನಾನು ಅಮ್ಮನ ಉಪ್ಪಿನಕಾಯಿ ಜಾಡಿ ಹಿಡಿದು ನಡೆದ ವಿಷಯ ಇಲ್ಲಿ ಬೇಡ, ಕಾಲಿನ ಉಗುರು ಇನ್ನೂ ಪೂರ್ತಿ ಬಂದಿಲ್ಲ.

ಒಟ್ಟು ಖರ್ಚು, ಟ್ಯೂಬು, ಮರಳು, ಮ್ಯಾಟು, ಹೊಲಿಗೆ, ಹಾಳಾದದ್ದೂ ಸೇರಿ ಮೂರು ಸಾವಿರದೊಳಗೆ. ಊಟ ಮನೆಯದೇ, ದಿನಕ್ಕೆ ನಾಲ್ಕು ಮೊಟ್ಟೆ, ಹುರುಳಿ ಸಾರು. ಜಿಮ್ಮಿನ ಕಾಲದಲ್ಲಿ ಕೊಂಡ ಪೌಡರ್ ಡಬ್ಬ ಈಗ ಸೀಮೆಸುಣ್ಣ ಇಡಲು ಉಪಯೋಗ.

ಶುರು ಮಾಡಿದಾಗ ನಿಂತ ಜಿಗಿತ ಎರಡು ಮೀಟರ್ ಮೇಲೆ ಐದೋ ಆರೋ ಸೆಂಟಿಮೀಟರ್. ಐದು ತಿಂಗಳಿಗೆ ಎರಡೂಕಾಲು ದಾಟಿ, ಆಮೇಲೆ 2.30ರ ಆಸುಪಾಸು ನಿಂತಿತು. ತೂಕ 66ರ ಮೇಲೆ ಹೋಗಲಿಲ್ಲ. ಮೊದಲ ಎರಡು ತಿಂಗಳು ಏನೂ ಆಗಲಿಲ್ಲ, ಬಿಡೋಣ ಅನ್ನಿಸಿತ್ತು. ಹೋದ ವರ್ಷ ಒಂದು ಓಪನ್ ಟೂರ್ನಮೆಂಟಿನಲ್ಲಿ ಮೂರು ಸುತ್ತು ಗೆದ್ದು ಫೈನಲ್ ಸೇರಿದೆ. ಸೋತೆ. ಆದರೆ ಹೇಗೆ ಸೋತೆ? ಏಟು ಜೋರಾಯಿತು ಅಂತ ರೆಫರಿ ಎಚ್ಚರಿಕೆ ಮೇಲೆ ಎಚ್ಚರಿಕೆ ಕೊಟ್ಟರು. ಇಷ್ಟು ವರ್ಷದಲ್ಲಿ ಆ ಎಚ್ಚರಿಕೆ ನನಗೆ ಸಿಕ್ಕಿದ್ದು ಅದೇ ಮೊದಲು. ಸೆನ್ಸೈ ಬೈದರು, ಬೈದಾದ ಮೇಲೆ ಮೆಲ್ಲಗೆ, "ಆ ಕೌ ಮ್ಯಾಟು ಎಲ್ಲಿ ಸಿಗುತ್ತೆ?" ಅಂದರು.

ಈಗ ದ್ರಾಕ್ಷಿ ತೋಟದ ಮುರಿದ ಕಲ್ಲುಕೂಚದ (ಬಳ್ಳಿಗೆ ನೆಡುವ ಕಲ್ಲುಕಂಬದ) ತುಂಡೊಂದು ಮೆಟ್ಟಿಲ ಕೆಳಗೆ ಬಿದ್ದಿದೆ, 70 ಕೆಜಿ ಇರಬಹುದು. ಗುಂಡುಕಲ್ಲಿನ ಹಾಗೆ ಎದೆಗೆ ಅವುಚಿ ಎತ್ತಿ ನೋಡುವ ಆಸೆ. ಭಾನುವಾರ ಹುಡುಗರು ಮೇಲಕ್ಕೆ ಹೊರಲು ಬರುತ್ತಾರೆ. ಅವತ್ತು ಓನರ್ ಮುಳಬಾಗಿಲಿಗೆ ಮದುವೆಗೆ ಹೋಗುತ್ತಾರಂತೆ.