ಬೀಥೋವೆನ್‌ನ ಬಾನ್ ನಗರವನ್ನು ಒಂದು ದಿನದಲ್ಲಿ ನೋಡುವ ಕ್ರಮ

ಜರ್ಮನಿಯ ಕೊಲೋನ್ ನಗರದಿಂದ ರೈಲಿನಲ್ಲಿ ಸುಮಾರು ಅರ್ಧ ಗಂಟೆ ಪ್ರಯಾಣ ಮಾಡಿದರೆ ಬಾನ್ ಸಿಗುತ್ತದೆ. ನಿಲ್ದಾಣದಿಂದ ಹೊರಬಂದು ಕೆಲವು ನಿಮಿಷ ನಡೆಯುವಷ್ಟರಲ್ಲಿ ಮ್ಯುನ್‌ಸ್ಟರ್‌ಪ್ಲಾಟ್ಸ್ ಎಂಬ ಚೌಕವೂ ಅಲ್ಲಿ ಎತ್ತರದ ಪೀಠದ ಮೇಲೆ ನಿಂತಿರುವ ಸಂಗೀತ ರಚನಕಾರ ಬೀಥೋವೆನ್‌ನ ಕಂಚಿನ ಪ್ರತಿಮೆಯೂ ಎದುರಾಗುತ್ತವೆ. ಅಲ್ಲೊಂದು ಫೋಟೊ ತೆಗೆಸಿಕೊಂಡು, ಹುಟ್ಟಿದ ಮನೆಯನ್ನು ಒಂದು ಸುತ್ತು ಹಾಕಿ, ಊಟದ ಹೊತ್ತಿಗೆ ಕೊಲೋನ್‌ಗೆ ಮರಳುವುದು ಸುಲಭ. ಆದರೆ ಒಂದು ಪೂರ್ಣ ದಿನವನ್ನು ಕೊಡಬಲ್ಲವರು ಪ್ರತಿಮೆಯನ್ನು ಸದ್ಯಕ್ಕೆ ದಾಟಿ ಮುಂದೆ ನಡೆಯುವುದು ಒಳ್ಳೆಯದು. ಬೆಳಿಗ್ಗೆ ಬೀಥೋವೆನ್ ಬಾಳಿದ ಊರನ್ನೂ ಮಧ್ಯಾಹ್ನದ ನಂತರ ಅವನನ್ನು ಗೌರವಿಸಿದ ಊರನ್ನೂ ಬೇರೆಬೇರೆಯಾಗಿ ನೋಡಿದರೆ, ಆ ಗೌರವ ಎಷ್ಟು ತಡವಾಗಿ, ಎಷ್ಟು ಪಾಡುಪಟ್ಟು ಬಂದಿತೆಂಬುದು ತಾನಾಗಿ ತಿಳಿಯುತ್ತದೆ.

ಹೊರಡುವ ಮೊದಲು ಎರಡು ಕೃತಿಗಳನ್ನು ಕೇಳಿಕೊಳ್ಳಬೇಕು. ಮೊದಲನೆಯದು ಸಾಮ್ರಾಟ ಎರಡನೆಯ ಜೋಸೆಫ್‌ನ ಮರಣದ ಸಂದರ್ಭದಲ್ಲಿ, 1790ರಲ್ಲಿ, ಹತ್ತೊಂಬತ್ತು ವರ್ಷದ ಬೀಥೋವೆನ್ ಬಾನ್‌ನಲ್ಲೇ ರಚಿಸಿದ ಕ್ಯಾಂಟಾಟಾ, ಅಂದರೆ ಗಾಯಕರೂ ವಾದ್ಯವೃಂದವೂ ಸೇರಿ ನಡೆಸುವ ಗಾಯನಕೃತಿ. ಅಂದು ಅದರ ಪ್ರದರ್ಶನ ನಡೆಯಲೇ ಇಲ್ಲ. ಅದರ ಒಂದು ಮಧುರ ಭಾಗವನ್ನು ಅವನು ಮುಂದೆ 'ಫಿಡೆಲಿಯೋ' ಒಪೆರಾದಲ್ಲಿ ಬಳಸಿಕೊಂಡ. ಎರಡನೆಯದು ಜರ್ಮನ್ ರಚನಕಾರ ರಾಬರ್ಟ್ ಶೂಮನ್‌ನ ಪಿಯಾನೊ ಕೃತಿ 'ಫ್ಯಾಂಟಸಿ', ಓಪಸ್ (ಕೃತಿಸಂಖ್ಯೆ) 17. ಇದನ್ನು ಕೇಳಬೇಕಾದ ಕಾರಣ ಪ್ರತಿಮೆಯ ಮುಂದೆ ನಿಂತಾಗ ಗೊತ್ತಾಗುತ್ತದೆ.

ದಿನವನ್ನು ಬ್ರ್ಯೂಡರ್‌ಗಾಸ್ಸೆ ಬೀದಿಯ ಸೇಂಟ್ ರೆಮಿಜಿಯಸ್ ಚರ್ಚಿನಿಂದ ಆರಂಭಿಸಿ. ಬೀಥೋವೆನ್‌ನ ಜನ್ಮದಿನಕ್ಕೆ ದಾಖಲೆಯಿಲ್ಲ. ಅವನಿಗೆ 1770ರ ಡಿಸೆಂಬರ್ 17ರಂದು ದೀಕ್ಷಾಸ್ನಾನವಾಯಿತೆಂಬ ದಾಖಲೆ ಮಾತ್ರ ಇದೆ. ಆ ಸ್ನಾನ ನಡೆದದ್ದು ಇದೇ ಹೆಸರಿನ ಹಳೆಯ ಚರ್ಚಿನಲ್ಲಿ. 1800ರಲ್ಲಿ ಸಿಡಿಲು ಬಡಿದು ಹಾಳಾದ ಆ ಕಟ್ಟಡವನ್ನು ಕೆಡವಿದಾಗ, ಅದರ ಹೆಸರೂ ದೀಕ್ಷಾಸ್ನಾನದ ಕಲ್ಲಿನ ತೊಟ್ಟಿಯೂ ಈಗಿನ ಚರ್ಚಿಗೆ ಬಂದವು. ತೊಟ್ಟಿಯ ಬಳಿ ಸ್ವಲ್ಪ ಹೊತ್ತು ನಿಲ್ಲಿ. ಬಾಲಕ ಬೀಥೋವೆನ್ ಮುಂಜಾನೆಯ ಪೂಜೆಗೆ ಆರ್ಗನ್ ನುಡಿಸುತ್ತಿದ್ದುದೂ ಇದೇ ಕಟ್ಟಡದಲ್ಲಿ. ಪೂಜೆಯ ಸಮಯದಲ್ಲಿ ಒಳಗೆ ಸುತ್ತಾಡಬಾರದಾದ್ದರಿಂದ ಭಾನುವಾರವಾದರೆ ಹೊತ್ತು ನೋಡಿಕೊಂಡು ಹೋಗಬೇಕು.

ಅಲ್ಲಿಂದ ಹಿಂದಿನ ಎಲೆಕ್ಟರ್ ದೊರೆಯ (ಸಾಮ್ರಾಟನನ್ನು ಆರಿಸುವ ಹಕ್ಕಿದ್ದ ಪ್ರಾಂತೀಯ ದೊರೆಯ) ಅರಮನೆಗೆ, ಅಂದರೆ ಇಂದಿನ ವಿಶ್ವವಿದ್ಯಾಲಯದ ಮುಖ್ಯ ಕಟ್ಟಡಕ್ಕೆ, ನಡೆದುಹೋಗಬಹುದು. ಬೀಥೋವೆನ್ ಈ ಆಸ್ಥಾನದ ವಾದ್ಯವೃಂದದಲ್ಲಿ ಪಿಟೀಲಿನಂಥ ವಾದ್ಯವಾದ ವಿಯೋಲಾ ನುಡಿಸುತ್ತಿದ್ದ. ತಾಯಿ ತೀರಿಹೋಗಿ ತಂದೆ ಕುಡಿತಕ್ಕೆ ಬಿದ್ದಿದ್ದರಿಂದ, 1789ರಲ್ಲಿ ತಂದೆಯ ಸಂಬಳದ ಅರ್ಧವನ್ನು ಮನೆ ನಡೆಸಲು ತನಗೆ ಕೊಡಬೇಕೆಂದು ಅವನು ದೊರೆಗೆ ಅರ್ಜಿ ಹಾಕಿಕೊಂಡಿದ್ದ. 1792ರ ನವೆಂಬರಿನಲ್ಲಿ ರಚನಕಾರ ಹೈಡನ್ ಬಳಿ ಕಲಿಯಲೆಂದು ವಿಯೆನ್ನಾಕ್ಕೆ ಹೊರಟವನು ಮತ್ತೆ ಊರಿಗೆ ಬರಲಿಲ್ಲ. ಇದನ್ನು ತವರಿನ ಮೇಲಿನ ಉದಾಸೀನವೆಂದು ಭಾವಿಸುವುದು ತಪ್ಪು. 1794ರಲ್ಲಿ ಫ್ರೆಂಚ್ ಸೇನೆ ಬಾನ್ ಅನ್ನು ವಶಪಡಿಸಿಕೊಂಡಾಗ ಅವನಿಗೆ ಸಂಬಳ ಕೊಡುತ್ತಿದ್ದ ಆಸ್ಥಾನವೇ ಇಲ್ಲವಾಯಿತು. 1801ರಲ್ಲಿ ಊರಿನ ಗೆಳೆಯ ವೆಗೆಲರ್‌ಗೆ ಬರೆದ ಪತ್ರದಲ್ಲಿ, ತಾನು ಹುಟ್ಟಿದ ಆ ಸುಂದರ ಪ್ರದೇಶ ಬಿಟ್ಟುಬಂದ ದಿನದಷ್ಟೇ ಸ್ಪಷ್ಟವಾಗಿ ಈಗಲೂ ಕಣ್ಣ ಮುಂದಿದೆ ಎಂದು ಅವನು ಹೇಳಿಕೊಂಡಿದ್ದಾನೆ.

ಅರಮನೆಯ ಬಳಿಕ ಬಾನ್‌ಗಾಸ್ಸೆ ಬೀದಿಯಲ್ಲಿರುವ, ಅವನು ಹುಟ್ಟಿದ ಮನೆ. ಬೀಥೋವೆನ್ ಕುಟುಂಬ ಬಾಡಿಗೆಗಿದ್ದದ್ದು ಅದರ ಹಿಂಭಾಗದಲ್ಲಿ. ಬೀದಿಗೆ ಮುಖಮಾಡಿದ ಚೆಂದದ ಮುಂಭಾಗವನ್ನು ನೋಡಿ ಅವರು ಅನುಕೂಲಸ್ಥರಾಗಿದ್ದರೆಂದು ಊಹಿಸಬಾರದು. ಹತ್ತೊಂಬತ್ತನೆಯ ಶತಮಾನದಲ್ಲಿ ಇದೇ ಮನೆಯಲ್ಲಿ ಒಂದು ಪಾನಗೃಹ ನಡೆಯುತ್ತಿತ್ತು. ಅವನು ಹುಟ್ಟಿದ್ದು ಇಲ್ಲೋ ರೈನ್‌ಗಾಸ್ಸೆಯ ಬೇಕರಿಯವರ ಮನೆಯಲ್ಲೋ ಎಂದು ಊರಿನವರೇ ಬಹುಕಾಲ ವಾದಿಸಿದ್ದುಂಟು. ಕೊನೆಗೆ 1889ರಲ್ಲಿ ಹನ್ನೆರಡು ಮಂದಿ ನಾಗರಿಕರು ಸಂಘವೊಂದನ್ನು ಕಟ್ಟಿ, ಮನೆಯನ್ನು ಕೊಂಡು, ಕೆಡವದಂತೆ ಉಳಿಸಿದರು. 1893ರಲ್ಲಿ ಅದು ವಸ್ತುಸಂಗ್ರಹಾಲಯವಾಯಿತು. ನನ್ನ ದೃಷ್ಟಿಯಲ್ಲಿ ಬಾನ್ ತನ್ನ ಮಗನಿಗೆ ಸಲ್ಲಿಸಿದ ಅತ್ಯುತ್ತಮ ಗೌರವ ಇದೇ, ಪ್ರತಿಮೆಯಲ್ಲ. ಏಕೆಂದರೆ ಹಸ್ತಪ್ರತಿ, ಪತ್ರ ಮತ್ತು ವಾದ್ಯಗಳನ್ನು ಸಂಗ್ರಹಿಸಿ ಅಧ್ಯಯನಕ್ಕೆ ಒದಗಿಸುವ ಕೆಲಸ ಇಲ್ಲಿ ಇಂದಿಗೂ ನಡೆಯುತ್ತಿದೆ.

ಈ ಮನೆಗೆ ಕನಿಷ್ಠ ಎರಡು ಗಂಟೆ ಮೀಸಲಿಡಿ. ವಾರದ ರಜೆಯ ದಿನ ಯಾವುದೆಂದು ಮೊದಲೇ ನೋಡಿಕೊಂಡಿರಿ. ಎಲ್ಲವನ್ನೂ ಒಂದೇ ಸಮನಾಗಿ ನೋಡಲು ಹೋದರೆ ಆಯಾಸವಾಗುತ್ತದೆ. ಆಸ್ಥಾನದಲ್ಲಿ ಅವನು ನುಡಿಸಿದ ವಿಯೋಲಾ, ಬಾಲ್ಯದಲ್ಲಿ ಬೆರಳಾಡಿಸಿದ ಆರ್ಗನ್ನಿನ ಕೀಲಿಮಣೆ, ಕಿವಿ ಮಂದವಾದ ಮೇಲೆ ಯಂತ್ರತಜ್ಞ ಮೆಲ್ಟ್ಸೆಲ್ ಮಾಡಿಕೊಟ್ಟ ಶ್ರವಣತುತ್ತೂರಿಗಳು, ಕೊನೆಯ ವರ್ಷಗಳಲ್ಲಿ ಬಳಸಿದ, ಗ್ರಾಫ್ ಎಂಬ ತಯಾರಕನ ಪಿಯಾನೊ, ಇವುಗಳ ಮುಂದೆ ಹೆಚ್ಚು ಹೊತ್ತು ಕಳೆಯಿರಿ.

ಊಟ ಮುಗಿಸಿ ಈಗ ಪ್ರತಿಮೆಯ ಬಳಿಗೆ ಬರಬಹುದು. 1827ರಲ್ಲಿ ಬೀಥೋವೆನ್ ತೀರಿಕೊಂಡ ಎಂಟು ವರ್ಷಗಳ ಬಳಿಕ ಊರಿನ ಸಮಿತಿಯೊಂದು ಸ್ಮಾರಕಕ್ಕಾಗಿ ಯುರೋಪಿನಾದ್ಯಂತ ವಂತಿಗೆ ಕೇಳಿತು. ಬಂದ ಹಣ ನಾಚಿಕೆ ಹುಟ್ಟಿಸುವಷ್ಟಿತ್ತು. ಇಡೀ ಫ್ರಾನ್ಸ್‌ನಿಂದ ಕೂಡಿದ್ದು 425 ಫ್ರಾಂಕ್‌ಗಿಂತ ಕಡಿಮೆ. ಇದನ್ನು ತಿಳಿದು ಕೆರಳಿದ ಪಿಯಾನೊವಾದಕ ಫ್ರಾಂಜ್ ಲಿಸ್ಟ್, ಕೊರತೆ ಬಿದ್ದ ಹಣವನ್ನು ತಾನೇ ಕೊಡುವುದಾಗಿ 1839ರಲ್ಲಿ ಮುಂದೆ ಬಂದ. ಶೂಮನ್‌ನ 'ಫ್ಯಾಂಟಸಿ' ಮೊದಲು ಕಲ್ಪಿತವಾದದ್ದು ಈ ಸ್ಮಾರಕಕ್ಕೆ ಹಣ ಕೂಡಿಸಲೆಂದೇ; ಅದರ ಮೊದಲ ಭಾಗದ ಕೊನೆಯಲ್ಲಿ ಬೀಥೋವೆನ್‌ನ ಗೀತೆಯೊಂದರ ಎಳೆ ಕೇಳಿಸುತ್ತದೆ. ಪ್ರಕಟವಾದಾಗ ಶೂಮನ್ ಅದನ್ನು ಲಿಸ್ಟ್‌ಗೆ ಅರ್ಪಿಸಿದ.

ಡ್ರೆಸ್ಡೆನ್‌ನ ಶಿಲ್ಪಿ ಅರ್ನ್ಸ್ಟ್ ಹೇನೆಲ್ ರೂಪಿಸಿದ ಪ್ರತಿಮೆ 1845ರ ಆಗಸ್ಟ್ 12ರಂದು ಅನಾವರಣಗೊಂಡಿತು. ಪ್ರಷ್ಯಾದ ದೊರೆಯೂ ಇಂಗ್ಲೆಂಡಿನ ರಾಣಿ ವಿಕ್ಟೋರಿಯಾ ಅವರೂ ಚೌಕದ ಬದಿಯ ಮಹಲಿನ ಉಪ್ಪರಿಗೆಯಲ್ಲಿ ಕುಳಿತಿದ್ದರು. ಪರದೆ ಸರಿದಾಗ ಬೀಥೋವೆನ್ ಅವರಿಗೆ ಬೆನ್ನು ತಿರುಗಿಸಿ ನಿಂತಿದ್ದ! ಮುಂದೆ ಅಂಚೆ ಕಚೇರಿಯಾದ ಆ ಹಳದಿ ಕಟ್ಟಡವನ್ನು ಗುರುತಿಸಿ, ಪ್ರತಿಮೆಯ ಹಿಂದೆ ನಿಂತು ನೋಡಿದರೆ ಸಂಘಟಕರ ಪೇಚಾಟ ಅರ್ಥವಾಗುತ್ತದೆ. ಬಳಿಕ ಪೀಠವನ್ನು ಒಂದು ಸುತ್ತು ಬನ್ನಿ: ಕಲ್ಪನೆ, ಸಿಂಫನಿ, ಧಾರ್ಮಿಕ ಸಂಗೀತ, ನಾಟಕ ಸಂಗೀತ ಎಂಬ ನಾಲ್ಕು ರೂಪಕಗಳನ್ನು ನಾಲ್ಕು ಬದಿಗಳಲ್ಲಿ ಕೆತ್ತಿದ್ದಾರೆ.

ಚೌಕದಿಂದ ರೈಲುಹಳಿ ಇರುವ ದಿಕ್ಕಿಗೆ ಸ್ವಲ್ಪ ದೂರ ನಡೆದರೆ ಹಳೆಯ ಸ್ಮಶಾನ, ಆಲ್ಟರ್ ಫ್ರೀಡ್‌ಹೋಫ್. ಬೀಥೋವೆನ್‌ನ ತಾಯಿಯ ಸಮಾಧಿ ಇಲ್ಲಿದೆ. ಅವಳು ತನ್ನ ಅತ್ಯುತ್ತಮ ಗೆಳತಿಯಾಗಿದ್ದಳೆಂದು 1787ರಲ್ಲಿ ಅವನು ಪತ್ರವೊಂದರಲ್ಲಿ ಬರೆದ ಮಾತನ್ನೇ ಕಲ್ಲಿನ ಮೇಲೆ ಕೆತ್ತಲಾಗಿದೆ. ಇದೇ ಸ್ಮಶಾನದಲ್ಲಿ ರಾಬರ್ಟ್ ಮತ್ತು ಕ್ಲಾರಾ ಶೂಮನ್ ದಂಪತಿಯ ಸಮಾಧಿಯೂ ಇದೆ.

ಸಂಜೆಗೆ ಸಂಗೀತ ಕೇಳುವ ಆಸೆಯಿದ್ದರೆ ಹುಟ್ಟಿದ ಮನೆಗೆ ಹೊಂದಿಕೊಂಡ, 1989ರಲ್ಲಿ ತೆರೆದ ಕಿರುಸಭಾಂಗಣದ ಕಾರ್ಯಕ್ರಮ ಪಟ್ಟಿಯನ್ನು ಮೊದಲು ನೋಡಿ. ಅಲ್ಲಿನ ಆಸನಗಳು ಕಡಿಮೆಯಾದ್ದರಿಂದ ಟಿಕೆಟನ್ನು ಊರು ಬಿಡುವ ಮೊದಲೇ ಕಾದಿರಿಸುವುದು ಕ್ಷೇಮ. ಬೀಥೋವೆನ್‌ಫೆಸ್ಟ್ ಉತ್ಸವ ಸಾಮಾನ್ಯವಾಗಿ ಸೆಪ್ಟೆಂಬರ್ ಆಸುಪಾಸಿನಲ್ಲಿ ನಡೆಯುತ್ತದೆ. ಆ ದಿನಗಳಲ್ಲಿ ಬಾನ್‌ನಲ್ಲಿ ಕೋಣೆ ಸಿಗದಿದ್ದರೆ ಕೊಲೋನ್‌ನಲ್ಲಿ ತಂಗಿ, ಸಂಗೀತ ಕಛೇರಿ ಮುಗಿದ ಮೇಲೆ ರಾತ್ರಿಯ ರೈಲಿನಲ್ಲಿ ಹಿಂದಿರುಗಬಹುದು.