ಮಲೆನಾಡಿನ ಮಳೆಗೂ ಸೋರದಂತೆ ಕ್ಯಾಂಪರ್ ಚಾವಣಿಗೆ ಎಸಿ ಕೂರಿಸುವುದು ಹೇಗೆ?

ಏಪ್ರಿಲ್ ತಿಂಗಳ ಮಧ್ಯಾಹ್ನ ಶಿವಮೊಗ್ಗದ ಬಿಸಿಲಿನಲ್ಲಿ ನಿಲ್ಲಿಸಿದ ಪಾಪ್-ಅಪ್ ಕ್ಯಾಂಪರಿನೊಳಗೆ, ಅಂದರೆ ಚಾವಣಿಯನ್ನು ಮೇಲೆತ್ತಿದಾಗ ಸುತ್ತಲೂ ಕ್ಯಾನ್ವಾಸ್ ಗೋಡೆ ಬಿಚ್ಚಿಕೊಳ್ಳುವ ಟ್ರೇಲರಿನೊಳಗೆ, ಹತ್ತು ನಿಮಿಷ ಕುಳಿತವರಿಗೆ ಎಸಿ ಏಕೆ ಬೇಕೆಂದು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಅದೇ ಕ್ಯಾಂಪರ್ ಮಳೆಗಾಲದಲ್ಲಿ, ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ಕಡೆಗೂ ಹೋಗುತ್ತದೆ. ಆದ್ದರಿಂದ ನಮ್ಮ ಸೀಮೆಯಲ್ಲಿ ತಂಪು ಎಷ್ಟು ಸಿಗುತ್ತದೆ ಎಂಬುದಕ್ಕಿಂತ, ಚಾವಣಿ ಆ ಭಾರವನ್ನು ಹೊರುತ್ತದೆಯೇ ಮತ್ತು ಕೊರೆದ ಕಿಂಡಿಯಿಂದ ನೀರು ಇಳಿಯುತ್ತದೆಯೇ ಎಂಬುದನ್ನೇ ಮೊದಲು ಯೋಚಿಸಬೇಕು.

ಹೊಸದಾಗಿ ಕಿಂಡಿ ಕೊರೆಯುವ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರ ಮೂಲ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿರ್ಬಂಧಿಸುತ್ತದೆ.

ಮನೆಯ ಗೋಡೆಗೆ ಹಾಕುವ ಸ್ಪ್ಲಿಟ್ ಎಸಿ ಇಲ್ಲಿಗೆ ಸಲ್ಲದು; ರಸ್ತೆಯ ಕುಲುಕಾಟವನ್ನು ತಡೆಯಲೆಂದೇ ಮಾಡಿದ ಚಾವಣಿ ಎಸಿಯನ್ನೇ ಕೊಳ್ಳಬೇಕು. ಸಣ್ಣ ಕ್ಯಾಂಪರಿಗೆ ಗಂಟೆಗೆ 9,000ದಿಂದ 11,000 ಬಿಟಿಯು ಸಾಮರ್ಥ್ಯ ಸಾಕು (ಬಿಟಿಯು ಎಂದರೆ ಶಾಖದ ಅಳತೆ; ಗಂಟೆಗೆ 12,000 ಬಿಟಿಯು ಎಂದರೆ ಒಂದು ಟನ್). ಅಮೆರಿಕದ ಮಾರುಕಟ್ಟೆಗೆಂದು ತಯಾರಾದ ಎಸಿಗಳು 115 ವೋಲ್ಟ್, 60 ಹರ್ಟ್ಸ್‌ಗೆ ಹೊಂದುವಂಥವು. ಅವನ್ನು ನಮ್ಮ 230 ವೋಲ್ಟ್, 50 ಹರ್ಟ್ಸ್ ವಿದ್ಯುತ್ತಿಗೆ ನೇರವಾಗಿ ಜೋಡಿಸುವಂತಿಲ್ಲ. ತೂಕವನ್ನೂ ಕೇಳಿ ತಿಳಿದುಕೊಳ್ಳಿ. ಇಂಥ ಬಹುತೇಕ ಎಸಿಗಳು 30ರಿಂದ 45 ಕಿಲೋ ತೂಗುತ್ತವೆ.

ಆ ತೂಕವನ್ನು ಪ್ರತಿ ಸಲ ಮೇಲೆತ್ತುವುದು ವಿಂಚ್ (ಕೇಬಲ್ ಸುತ್ತುವ ರಾಟೆ), ಉಕ್ಕಿನ ಕೇಬಲ್ ಮತ್ತು ನಾಲ್ಕು ಮೂಲೆಯ ಕಂಬಗಳು. ಚಾವಣಿಯ ಮೇಲೆ ಎಷ್ಟು ಭಾರ ಇಡಬಹುದೆಂದು ತಯಾರಕರು ಕೈಪಿಡಿಯಲ್ಲಿ ಹೇಳಿರುತ್ತಾರೆ. ಆ ಮಿತಿಯನ್ನು ಮೀರಬೇಡಿ. ಕೇಬಲ್ಲಿನ ಉದ್ದಕ್ಕೂ ಹತ್ತಿ ಬಟ್ಟೆಯೊಂದನ್ನು ಮೆಲ್ಲಗೆ ಎಳೆದು ನೋಡಿ. ಎಲ್ಲಾದರೂ ಎಳೆ ಸಿಕ್ಕಿಹಾಕಿಕೊಂಡರೆ ಅಲ್ಲಿ ತಂತಿ ಕಡಿದಿದೆ ಎಂದೇ ಅರ್ಥ. ಅಂಥ ಕೇಬಲ್ಲನ್ನು ಬದಲಿಸದೆ ಮುಂದುವರಿಯಬಾರದು. ಚಾವಣಿಯನ್ನು ಎತ್ತಿದ ಮೇಲೆ ನಾಲ್ಕೂ ಮೂಲೆಗೆ ಆಧಾರದ ಊರುಗೋಲು ಕೊಡದೆ ಅದರ ಕೆಳಗೆ ಯಾರೂ ಕೆಲಸ ಮಾಡುವುದು ಬೇಡ.

ಎಸಿ ಕೂರುವ ಚೌಕದ ಕಿಂಡಿ ಸಾಮಾನ್ಯವಾಗಿ 14 ಇಂಚು ಉದ್ದ, 14 ಇಂಚು ಅಗಲ. ಗಾಳಿ ಕಿಂಡಿಯೂ ಬಹಳಷ್ಟು ಕ್ಯಾಂಪರುಗಳಲ್ಲಿ ಇದೇ ಅಳತೆಯದ್ದಾಗಿರುವುದರಿಂದ, ಅದನ್ನು ತೆಗೆದು ಅಲ್ಲೇ ಎಸಿ ಕೂರಿಸಿದರೆ ಹೊಸದಾಗಿ ಕೊರೆಯುವ ಕೆಲಸ ತಪ್ಪುತ್ತದೆ. ಇಲ್ಲವಾದರೆ ಮುಂದಿನ ಮತ್ತು ಹಿಂದಿನ ಕಂಬಗಳ ನಡುವೆ ಜಾಗ ಗುರುತಿಸಿ, ಒಳಗೆ ವೈರುಗಳಿಲ್ಲವೆಂದು ಖಚಿತಪಡಿಸಿಕೊಂಡು, ನಾಲ್ಕು ಮೂಲೆಗೆ ರಂಧ್ರ ಹಾಕಿ ಜಿಗ್ಸಾ ಗರಗಸದಿಂದ ಕತ್ತರಿಸಬೇಕು. ಕತ್ತರಿಸಿದ ಅಂಚಿನಲ್ಲಿ ಎರಡು ಹಾಳೆಗಳ ನಡುವಿನ ಫೋಮ್ ಕಾಣಿಸುತ್ತದೆ. ಅದನ್ನು ಹಾಗೆಯೇ ಬಿಟ್ಟರೆ ಎಸಿಯ ಭಾರಕ್ಕೆ ಕುಸಿಯುತ್ತದೆ, ತೇವವನ್ನೂ ಹೀರುತ್ತದೆ. ಅಂಚಿನಿಂದ ಒಂದೆರಡು ಇಂಚು ಫೋಮ್ ಕೆರೆದು ತೆಗೆದು, ಅಷ್ಟೇ ದಪ್ಪದ ಒಣಗಿದ ಸಾಗುವಾನಿ ಪಟ್ಟಿಯನ್ನು ನಾಲ್ಕೂ ಬದಿಗೆ ತೂರಿಸಿ, ಎಪಾಕ್ಸಿ ಅಂಟಿನಿಂದ ಕೂರಿಸಿ ಅಂಚನ್ನು ಪೂರ್ತಿ ಮುಚ್ಚಿಬಿಡಿ. ಒಳಭಾಗದಲ್ಲಿ ಒಂದು ಕಂಬದ ಸಾಲಿನಿಂದ ಇನ್ನೊಂದಕ್ಕೆ ಅಡ್ಡಲಾಗಿ ಎರಡು ಅಲ್ಯೂಮಿನಿಯಂ ಚೌಕ ಪೈಪು ಕೊಟ್ಟರೆ ಭಾರ ಚಾವಣಿಯ ಹಾಳೆಯ ಮೇಲೆ ನಿಲ್ಲದೆ ಕಂಬಗಳಿಗೆ ಹಂಚಿಕೆಯಾಗುತ್ತದೆ.

ಇನ್ನು ಗ್ಯಾಸ್ಕೆಟ್, ಅಂದರೆ ಎಸಿಯ ತಳಕ್ಕೂ ಚಾವಣಿಗೂ ನಡುವೆ ಕಿಂಡಿಯ ಸುತ್ತ ಕೂರುವ ಮೆತ್ತನೆಯ ಪಟ್ಟಿ. ಕೆಲಸ ಕೆಡುವುದು ಹೆಚ್ಚಾಗಿ ಇಲ್ಲಿಯೇ. ನಮ್ಮ ಕ್ಯಾಂಪರಿಗೆ ಮೊದಲ ಸಲ ಎಸಿ ಕೂರಿಸಿದ ಗ್ಯಾರೇಜಿನವರು ಗ್ಯಾಸ್ಕೆಟ್ಟಿನ ಸುತ್ತ ಸಿಲಿಕೋನ್ ಬಳಿದು, ಬೋಲ್ಟುಗಳನ್ನು ತಿರುಗುವಷ್ಟೂ ಬಿಗಿದಿದ್ದರು. ತೀರ್ಥಹಳ್ಳಿಯಲ್ಲಿ ರೋಹಿಣಿ ಮಳೆಯ ಮೊದಲ ರಾತ್ರಿಯೇ ಒಂದು ಬೋಲ್ಟಿನ ತುದಿಯಲ್ಲಿ ಹನಿ ಕೂಡಿಕೊಂಡು, ಬೆಳಗಾಗುವಷ್ಟರಲ್ಲಿ ಹಾಸಿಗೆಯ ಒಂದು ಮೂಲೆ ತೊಯ್ದಿತ್ತು. ಬಿಚ್ಚಿ ನೋಡಿದಾಗ ಅತಿಯಾದ ಬಿಗಿತಕ್ಕೆ ಎಸಿಯ ತಳದ ತಟ್ಟೆಯೇ ಬಾಗಿತ್ತು.

ಎಸಿ ನಡೆಯುವಾಗ ಒಸರುವ ನೀರು ಚಾವಣಿಯ ಮೇಲೆ ಹರಿದು ಹೋಗಬೇಕು. ಸಿಲಿಕೋನ್ ಆ ದಾರಿಗೆ ಅಡ್ಡ ಬರುತ್ತದೆ. ಗ್ಯಾಸ್ಕೆಟ್ ಒತ್ತಿಕೊಂಡರೆ ಸಾಕು, ನೀರನ್ನು ಅದೇ ತಡೆಯುತ್ತದೆ. ಚಾವಣಿಯನ್ನು ಒರೆಸಿ ಒಣಗಿಸಿ, ನಾಲ್ಕು ಜನ ಹಿಡಿದು, ಶಾಖ ಹೊರಹಾಕುವ ಕಾಯಿಲ್ (ಕೊಳವೆಯ ಸುರುಳಿ) ಇರುವ ಹಿಂಬದಿ ಕ್ಯಾಂಪರಿನ ಹಿಂದಕ್ಕೆ ಬರುವಂತೆ ಎಸಿಯನ್ನು ನೇರವಾಗಿ ಕೆಳಗಿಳಿಸಿ. ಚಾವಣಿಯ ಮೇಲೆ ಎಳೆದಾಡಿದರೆ ಗ್ಯಾಸ್ಕೆಟ್ ಹರಿಯುತ್ತದೆ. ಬೋಲ್ಟುಗಳನ್ನು ಒಂದೊಂದು ಸುತ್ತಿನಂತೆ ಸರದಿಯಲ್ಲಿ ಬಿಗಿಯುತ್ತಾ, ಒಂದು ಇಂಚು ದಪ್ಪದ ಗ್ಯಾಸ್ಕೆಟ್ ಅರ್ಧ ಇಂಚಿಗೆ ಬಂದ ಕೂಡಲೇ ನಿಲ್ಲಿಸಿ. ಕಿಂಡಿಯೊಳಗಿನಿಂದ ಟಾರ್ಚ್ ಬಿಟ್ಟು ನಾಲ್ಕೂ ಬದಿಯಲ್ಲಿ ಅಡಿಕೋಲಿಟ್ಟು ಅಳೆಯುವುದೇ ಇದಕ್ಕೆ ನಂಬಬಹುದಾದ ದಾರಿ.

ವಿದ್ಯುತ್ ಜೋಡಣೆಯನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್ನರಿಂದಲೇ ಮಾಡಿಸಿ. 2.5 ಚದರ ಮಿಲಿಮೀಟರ್ ತಾಮ್ರದ ವೈರು, 16 ಆಂಪಿಯರ್ ಎಂಸಿಬಿ (ಹೊರೆ ಮೀರಿದರೆ ವಿದ್ಯುತ್ ಕಡಿಯುವ ಸ್ವಿಚ್), 30 ಮಿಲಿಆಂಪಿಯರ್ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ಕಡಿಯುವ ಸ್ವಿಚ್) ಮತ್ತು ಕ್ಯಾಂಪರಿನ ಲೋಹದ ಚೌಕಟ್ಟಿಗೆ ಸರಿಯಾದ ಅರ್ಥಿಂಗ್ ಇರಲೇಬೇಕು. ಚಾವಣಿ ಏರಿಳಿಯುವುದರಿಂದ, ವೈರು ಮಡಿಕೆಯಲ್ಲಿ ಸಿಕ್ಕಿ ನಜ್ಜುಗುಜ್ಜಾಗದಂತೆ ಬಳುಕುವ ಕೇಬಲ್ ಬಳಸಿ ಸಡಿಲ ಬಿಡಬೇಕು. ಹೋಂಸ್ಟೇಗಳಲ್ಲಿ 16 ಆಂಪಿಯರ್ ಸಾಕೆಟ್ಟನ್ನೇ ಕೇಳಿ ಪಡೆಯಿರಿ. ಹಳ್ಳಿಗಳಲ್ಲಿ ಸಂಜೆ ವೋಲ್ಟೇಜ್ ಇಳಿದಾಗ ಕಂಪ್ರೆಸರ್ ಗುಂಯ್‌ಗುಟ್ಟುತ್ತಾ ತಿರುಗದೆ ನಿಂತರೆ ತಕ್ಷಣ ಆರಿಸಿ, ಇಲ್ಲವಾದರೆ ಅದರ ವೈಂಡಿಂಗ್ (ಒಳಗಿನ ತಂತಿಯ ಸುರುಳಿ) ಸುಟ್ಟುಹೋಗುತ್ತದೆ.

ಕೆಲಸ ಮುಗಿದ ಮೇಲೆ ಒಳಗೆ ಒಣ ದಿನಪತ್ರಿಕೆಗಳನ್ನು ಹರಡಿ, ನಮ್ಮಲ್ಲಿ ಗಾಳಿಮಳೆ ಓರೆಯಾಗಿ ಹೊಡೆಯುವುದರಿಂದ ಹೊರಗಿನಿಂದ ಪೈಪಿನ ನೀರನ್ನು ಮೇಲಿಂದಷ್ಟೇ ಅಲ್ಲದೆ ನಾಲ್ಕೂ ಕಡೆಯಿಂದ ಓರೆಯಾಗಿ ಅರ್ಧ ಗಂಟೆ ಬಿಡಿ. ಒಂದೇ ಹನಿ ಬಿದ್ದರೂ ಕಾಗದದ ಮೇಲೆ ಕಲೆ ಕಾಣಿಸುತ್ತದೆ.

ಹೊರಡುವ ಮುನ್ನ ಚಾವಣಿ ಮಡಿಸಿದಾಗಿನ ಹೊಸ ಎತ್ತರವನ್ನು ಅಳೆದು ವಾಹನದೊಳಗೆ ಬರೆದಿಡಿ. ತೋಟದ ದಾರಿಯ ಕೊಂಬೆಗಳು ಮೊದಲು ತಾಕುವುದು ಎಸಿಗೇ. ಮೊದಲ ಪ್ರವಾಸ ಮುಗಿಸಿ ಬಂದ ಮೇಲೆ, ಅದರಲ್ಲೂ 14 ತಿರುವುಗಳ ಆಗುಂಬೆ ಘಾಟಿಯಂಥ ದಾರಿ ಇಳಿದಿದ್ದರೆ, ಒಳಗಿನ ಮುಚ್ಚಳ ಬಿಚ್ಚಿ ಗ್ಯಾಸ್ಕೆಟ್ಟನ್ನು ಮತ್ತೊಮ್ಮೆ ಅಳೆಯಿರಿ. ಅರ್ಧ ಇಂಚೇ ಇದ್ದರೆ ಬೋಲ್ಟನ್ನು ಮುಟ್ಟಬೇಡಿ. ಹೆಚ್ಚಿದ್ದರೆ ಮಾತ್ರ ಸರದಿಯಲ್ಲಿ ಕಾಲು ಸುತ್ತು ಬಿಗಿಯಿರಿ.